ವಿದ್ಯಾದಾನದ ದತ್ತಿ: ಬಂದಳಿಕೆ–ಬಳ್ಳಿಗಾವೆಯ ಶಾಸನಗಳು ಮತ್ತು ಇಂದಿನ ಕಾಲೇಜಿನ ಅನುದಾನ ಪ್ರಸ್ತಾವನೆ

ತಾಲ್ಲೂಕು ಕೇಂದ್ರದ ಕಾಲೇಜೊಂದು ಅನುದಾನಕ್ಕೆ ಪ್ರಸ್ತಾವನೆ ಸಲ್ಲಿಸುವಾಗ ಕೆಲವು ಪ್ರಶ್ನೆಗಳನ್ನು ತಪ್ಪಿಸಿಕೊಳ್ಳುವಂತಿಲ್ಲ. ಕೇಳುವವರು ಯಾರು, ಅವರು ಈಗಾಗಲೇ ಮಾಡುತ್ತಿರುವ ಕೆಲಸವೇನು, ಹಣ ಯಾವ ಬಾಬತ್ತಿಗೆ, ಲೆಕ್ಕ ಯಾರ ಕೈಯಲ್ಲಿ, ಹಣ ಮುಗಿದ ಮೇಲೆ ಕೆಲಸ ಹೇಗೆ ಮುಂದುವರಿಯುತ್ತದೆ? ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮಟ್ಟಿಗೆ ಇವು ಸಾವಿರ ವರ್ಷ ಹಳೆಯ ಪ್ರಶ್ನೆಗಳು. ಬಂದಳಿಕೆ, ಬಳ್ಳಿಗಾವೆ, ತಾಳಗುಂದ, ಚಿಕ್ಕಮಾಗಡಿ, ಕುಪ್ಪಟೂರುಗಳ ದಾನಶಾಸನಗಳನ್ನು ನಾವು ರಾಜವಂಶಗಳ ಕಾಲನಿರ್ಣಯಕ್ಕೆ, ಶಿಲ್ಪದ ಚರ್ಚೆಗೆ, ಧರ್ಮಗಳ ಚರಿತ್ರೆಗೆ ಬಳಸಿಕೊಂಡಿದ್ದೇವೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟವನ್ನು (1902) ಮತ್ತು ಎಂಟನೆಯದನ್ನು (1904) ಪ್ರಕಟಿಸಿದಂದಿನಿಂದ ಈ ಪಾಠಗಳು ಎಲ್ಲರ ಕೈಗೂ ಸಿಗುತ್ತಿವೆ. ಅವನ್ನು ಅನುದಾನದ ಕಡತಗಳೆಂದು ಓದಿದವರು ಕಡಿಮೆ. ಹಾಗೆ ಓದಿದಾಗ ಎದ್ದು ಕಾಣುವ ಒಂದು ಸಂಗತಿಯನ್ನು ಮುಂದಿಡುವುದು ಈ ಲೇಖನದ ಉದ್ದೇಶ: ವಿದ್ಯಾಸಂಸ್ಥೆಯನ್ನು ಕಟ್ಟುವ ವೆಚ್ಚಕ್ಕಿಂತ ನಡೆಸುವ ವೆಚ್ಚವನ್ನೇ ಈ ಕಡತಗಳು ಮುಖ್ಯವೆಂದು ಕಂಡಿವೆ.

ಮೊದಲು ನೋಡಬೇಕಾದ ದಾಖಲೆ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ. ತಾವರೆಕೆರೆಯ ಕೋಡಿಯ ಬಳಿ ಇದ್ದುದರಿಂದ ಮಠಕ್ಕೆ ಆ ಹೆಸರು. ಕೇದಾರೇಶ್ವರ ದೇಗುಲಕ್ಕೆ ಸೇರಿದ ಇದು ಕಾಳಾಮುಖ ಆಚಾರ್ಯರ ಪೀಠವಾಗಿತ್ತು. ಕಳಚುರಿ ಬಿಜ್ಜಳ ದಕ್ಷಿಣ ದಿಕ್ಕಿನ ದಂಡಯಾತ್ರೆಯಲ್ಲಿ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ ಅಧಿಕಾರಿ ಕಸಪಯ್ಯನಾಯಕ ಬಿನ್ನಹ ಮಾಡಿಕೊಳ್ಳುತ್ತಾನೆ. ಬಿಜ್ಜಳ ಅದನ್ನು ಒಪ್ಪಿ, ಮಠದ ಆಚಾರ್ಯ ವಾಮಶಕ್ತಿಗೆ ದತ್ತಿ ಬಿಡುತ್ತಾನೆ.

ಶಾಸನದ ಅತ್ಯಂತ ವಿಸ್ತಾರವಾದ ಭಾಗ ಮಠದಲ್ಲಿ ಆಗಲೇ ನಡೆಯುತ್ತಿದ್ದ ಕೆಲಸದ ವಿವರ. ನಾಲ್ಕು ವೇದಗಳ ಸಾಂಗವಾದ ಅಧ್ಯಯನ ಅಲ್ಲಿದೆ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ಪಾಠವಿದೆ. ಷಡ್ದರ್ಶನ, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕಗಳ ವ್ಯಾಖ್ಯಾನ ನಡೆಯುತ್ತದೆ. ಅದೇ ಉಸಿರಿನಲ್ಲಿ ದೀನರು, ಅನಾಥರು, ಕುರುಡರು, ಕಿವುಡರು, ಕುಂಟರಿಗೆ ಅನ್ನ, ಗಾಯಕರು, ವಾದಕರು, ನರ್ತಕರಿಗೆ ಆಶ್ರಯ, ಕ್ಷಪಣಕರು, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರಿಗೆ ಊಟ, ರೋಗಿಗಳಿಗೆ ಔಷಧ. ಕಾಳಾಮುಖ ಮಠವೊಂದು ಜೈನ ಕ್ಷಪಣಕರಿಗೂ ಊಟವಿಕ್ಕುತ್ತಿತ್ತೆಂಬುದನ್ನು ನಮ್ಮ ಪಠ್ಯಗಳು ಸರ್ವಧರ್ಮ ಸಮನ್ವಯದ ಉದಾಹರಣೆಯಾಗಿ ಎತ್ತಿ ಹೇಳುತ್ತವೆ. ಆ ಓದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಈ ಪಟ್ಟಿ ದಾನದ ಬಾಬತ್ತುಗಳಿಗಿಂತ ಮೊದಲು ಬರುತ್ತದೆ ಎಂಬುದನ್ನು ಗಮನಿಸಬೇಕು. ಕೆಲಸ ಮೊದಲೇ ನಡೆಯುತ್ತಿದೆ, ದತ್ತಿ ಅದಕ್ಕೆ ಆಸರೆಯಾಗಿ ಬರುತ್ತಿದೆ. ಹಣ ಬಂದರೆ ಏನೆಲ್ಲ ಮಾಡಬಹುದೆಂಬ ಕನಸಿಗೆ ಇಲ್ಲಿ ಜಾಗವಿಲ್ಲ.

ಬಾಬತ್ತುಗಳನ್ನು ನೋಡೋಣ. ದೇವರ ಅಂಗಭೋಗ, ರಂಗಭೋಗಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರ, ತಪೋಧನರ ಆಹಾರದಾನ, ವಿದ್ಯಾದಾನ. ದೇಗುಲ, ಮಠ, ಬಸದಿ ಯಾವುದೇ ಇರಲಿ, ಈ ಸೀಮೆಯ ದಾನಶಾಸನಗಳಲ್ಲಿ ಇದೇ ಚೌಕಟ್ಟು ಮರಳಿ ಮರಳಿ ಕಾಣುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವ ವೆಚ್ಚವನ್ನು ದಾನ ಕೊಡುವ ದಿನವೇ ನಮೂದಿಸಿದ್ದಾರೆ. ಕಟ್ಟಡ ಹೊಸದಾಗಿದ್ದರೂ ಈ ಬಾಬತ್ತನ್ನು ಬಿಡುವುದಿಲ್ಲ. ಕೊಡುವುದೂ ಇಡಿಗಂಟಲ್ಲ, ವರ್ಷವರ್ಷ ಹುಟ್ಟುವಳಿ ಬರುವ ಮೂಲ: ಗದ್ದೆ, ತೋಟ, ಊರು, ಗಾಣದ ಎಣ್ಣೆ, ಅಡಕೆ–ಎಲೆಯ ಸುಂಕದ ಪಾಲು. ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕೆಂಬುದೂ ಬರಹದಲ್ಲಿರುತ್ತದೆ.

ತಾಳಗುಂದದ 12ನೆಯ ಶತಮಾನದ ಶಾಸನ ಈ ವಿವರಕ್ಕೆ ಇನ್ನಷ್ಟು ಹತ್ತಿರ ಹೋಗುತ್ತದೆ. ವೇದ, ವ್ಯಾಕರಣ, ವೇದಾಂತ ಹೇಳಿಕೊಡುವವರ ಜೊತೆಗೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವರಿಗೂ ಅಲ್ಲಿ ಪಾಲು ಗೊತ್ತುಮಾಡಲಾಗಿದೆ. ನಾಡಿನ ಬೇರೆ ಕಡೆಗಳಲ್ಲೂ ಇದೇ ಕ್ರಮ. ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನದಲ್ಲಿ ಉಪಾಧ್ಯಾಯರಿಗೆ 50 ನಿವರ್ತನ, ದೀಪಕ್ಕೆಂದೇ 12 ನಿವರ್ತನ ಭೂಮಿ ಇದೆ. ಊರವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಮತ್ತೂ ಅದರ ಅರ್ಧ ಶಾಲೆಗೆ ಸಲ್ಲಿಸಬೇಕೆಂಬ ಕಟ್ಟಳೆಯೂ ಇದೆ. ನಾಗಾವಿಯ 1058ರ ಘಟಿಕಾಸ್ಥಾನದಲ್ಲಿ 200 ವೇದವಿದ್ಯಾರ್ಥಿಗಳು, 52 ಶಾಸ್ತ್ರವಿದ್ಯಾರ್ಥಿಗಳು, 6 ಮಂದಿ ಅಧ್ಯಾಪಕರಿದ್ದರು. ಗ್ರಂಥಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರೂ 6 ಮಂದಿ. ಅಧ್ಯಾಪಕರಷ್ಟೇ ಸಂಖ್ಯೆಯ ಗ್ರಂಥಪಾಲಕರನ್ನು ದತ್ತಿಯೊಳಗೇ ತೋರಿಸಿದ ಈ ಲೆಕ್ಕವನ್ನು, ಒಬ್ಬ ಗ್ರಂಥಪಾಲಕರ ಹುದ್ದೆಗಾಗಿ ವರ್ಷಗಟ್ಟಲೆ ಪತ್ರ ಬರೆಯುವ ಪ್ರಾಂಶುಪಾಲರು ತಮ್ಮ ಮೇಜಿನ ಮೇಲಿಟ್ಟುಕೊಳ್ಳಬೇಕು.

ಈಗ ಬಂದಳಿಕೆಗೆ ಬರೋಣ. ಶಾಸನಗಳ ಬಾಂಧವಪುರ, ಬಂದಣಿಕೆ ಇದೇ. ನಾಗರಖಂಡ ಎಪ್ಪತ್ತರ ಮುಖ್ಯ ಸ್ಥಳವಾಗಿದ್ದ ಇದು ಜೈನರಿಗೆ ತೀರ್ಥ. ರಾಷ್ಟ್ರಕೂಟರ ಕಾಲದಲ್ಲಿ, 10ನೆಯ ಶತಮಾನದ ಆರಂಭದಲ್ಲಿ, ಗಂಡನ ಮರಣಾನಂತರ ನಾಳ್ಗಾವುಂಡ ಪದವಿಗೆ ಬಂದು ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ವಹಿಸಿ ಇಲ್ಲಿಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳು. ಈ ಸಂಗತಿ ಮಹಿಳಾ ಅಧ್ಯಯನದಲ್ಲಿ ಪರಿಚಿತ. ಹೊಣೆಯನ್ನು ಯಾರಿಗೆ, ಯಾವಾಗ ದಾಟಿಸಬೇಕೆಂಬ ಆಡಳಿತದ ಎಚ್ಚರವನ್ನೂ ನಾನು ಇದರಲ್ಲಿ ಕಾಣುತ್ತೇನೆ. ಸಂಯೋಜಕರು ವರ್ಗವಾದ ಮರುದಿನ ಯೋಜನೆಯ ಕಡತ ಅನಾಥವಾಗುವ ಸ್ಥಿತಿಯನ್ನು ಕಂಡವರಿಗೆ ಈ ಎಚ್ಚರದ ಬೆಲೆ ಗೊತ್ತು.

ಬಂದಳಿಕೆಯ ಆಚಾರ್ಯರಿಗೆ ಸಂದ ದತ್ತಿಯೊಂದರ ವಿವರ ಇಲ್ಲಿ ಬಹಳ ಉಪಯುಕ್ತ. ಚಿಕ್ಕಮಾಗಡಿಯಲ್ಲಿ ಶಂಕರಸಾಮಂತ ಒಂದು ಜಿನಾಲಯ ಕಟ್ಟಿಸಿದ್ದ. 1182ರ ಅಲ್ಲಿಯ ಶಾಸನದ ಪ್ರಕಾರ, ಕಳಚುರಿಗಳ ದಂಡನಾಯಕ ರೇಚರಸ ಕದಂಬ ಬೊಪ್ಪದೇವನೊಡನೆ ಅಲ್ಲಿಗೆ ಬಂದು ಬಸದಿಯನ್ನು ಕಂಡು, ತಳವೆ ಎಂಬ ಊರನ್ನು ಬಂದಣಿಕೆ ತೀರ್ಥದ ಆಚಾರ್ಯ ಭಾನುಕೀರ್ತಿ ಸಿದ್ಧಾಂತದೇವರ ವಶಕ್ಕೆ ದತ್ತಿ ಬಿಟ್ಟ. ಇಲ್ಲಿ ಮೂರು ಪಾತ್ರಗಳು ಬೇರೆ ಬೇರೆ: ಕಟ್ಟಿಸಿದವನು ಸ್ಥಳೀಯ ಸಾಮಂತ, ಕೊಟ್ಟವನು ಮೇಲಿನ ಅಧಿಕಾರಿ, ನಡೆಸುವವರು ಬಂದಳಿಕೆಯ ಆಚಾರ್ಯರು. ಕೊಡುವವನು ಕಣ್ಣಾರೆ ನೋಡಿ ಕೊಟ್ಟಿದ್ದಾನೆ. ಕೈಗೆ ಪಡೆದವರು ಅದಾಗಲೇ ಒಂದು ತೀರ್ಥವನ್ನು ನಡೆಸಿ ಹೆಸರು ಮಾಡಿದವರು.

ಈ ಹೆಸರಿನ ಬಲ ಎಷ್ಟೆಂಬುದಕ್ಕೆ ಕೋಡಿಯಮಠದ ವಾಮಶಕ್ತಿಯೇ ಸಾಕ್ಷಿ. ಕಾಳಾಮುಖರ ಬಗ್ಗೆ 1972ರಲ್ಲಿ ಗ್ರಂಥ ಪ್ರಕಟಿಸಿದ ಡೇವಿಡ್ ಲೊರೆಂಜನ್ ಈ ಮಠದ ಗುರುಪರಂಪರೆಯನ್ನು ಶಾಸನಗಳಿಂದ ಜೋಡಿಸಿ ತೋರಿಸಿದ್ದಾರೆ. ಕಳಚುರಿಗಳಿಗೆ ರಾಜಗುರುವೆನಿಸಿದ ವಾಮಶಕ್ತಿಗೆ ಹೊಯ್ಸಳ ಎರಡನೆಯ ಬಲ್ಲಾಳನ ಕಾಲದಲ್ಲೂ, 1190ರ ದಶಕದಲ್ಲಿ, ದತ್ತಿ ಸಲ್ಲುತ್ತದೆ. ರಾಜ್ಯ ಕೈಬದಲಾಯಿಸಿದರೂ ಮೂವತ್ತು ವರ್ಷ ಒಂದೇ ಸಂಸ್ಥೆಗೆ ಅನುದಾನ ಹರಿದುಬಂತು. ದೊರೆಯ ಕೃಪೆಯೊಂದನ್ನೇ ನಂಬಿದ್ದರೆ ಇದು ಸಾಧ್ಯವಿರಲಿಲ್ಲ. ಬಳ್ಳಿಗಾವೆಯ ಐದು ಮಠ, ಮೂರು ಪುರ, ನಗರದ ವರ್ತಕರು ಮೊದಲಾದವರ ಹೆಸರು ಶಾಸನಗಳಲ್ಲಿ ಸೇರುವುದರ ಅರ್ಥ, ದತ್ತಿಗೆ ಊರೇ ಕಾವಲಿತ್ತು ಎಂದು. ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳಿಗಿಂತ ಈ ಕಾವಲಿನ ಮೇಲೆಯೇ ನನಗೆ ಹೆಚ್ಚು ಭರವಸೆ.

ಈ ವ್ಯವಸ್ಥೆಯನ್ನು ಕುರುಡಾಗಿ ಹೊಗಳುವಂತಿಲ್ಲ. ಕೋಡಿಯಮಠ ಎಲ್ಲರಿಗೂ ಅನ್ನ ಹಾಕಿತು, ಎಲ್ಲರಿಗೂ ಪಾಠ ಹೇಳಲಿಲ್ಲ. ಅಗ್ರಹಾರದ ವಿದ್ಯೆಯ ಬಾಗಿಲು ಬಹುಪಾಲು ಜನರಿಗೆ ಮುಚ್ಚಿತ್ತು. ದತ್ತಿಯ ಗದ್ದೆಯಲ್ಲಿ ಉತ್ತು ಬಿತ್ತಿದವರ ಮಕ್ಕಳು ಆ ವಿದ್ಯೆಯ ಫಲಾನುಭವಿಗಳಾಗಿರಲಿಲ್ಲ. ಇಂದು ಶಿಕಾರಿಪುರ, ಶಿರಾಳಕೊಪ್ಪ, ಸೊರಬಗಳ ಸರ್ಕಾರಿ ಕಾಲೇಜುಗಳಲ್ಲಿ ಕೂತಿರುವವರು ಅವರೇ. ಹಾಗಾಗಿಯೇ ಈ ಕಾಲೇಜುಗಳಿಗೆ ಬರುವ ಒಂದೊಂದು ರೂಪಾಯಿಯೂ ಅಂದಿನ ದತ್ತಿಗಿಂತ ದೊಡ್ಡದು.

ಆ ರೂಪಾಯಿ ಬರುವ ದಾರಿ ಈಗ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನೆರವಿಗೆ ಕಾಲೇಜು ಆಯೋಗದ ಕಾಯ್ದೆಯ 2(ಎಫ್) ಮತ್ತು 12(ಬಿ) ಕಲಮುಗಳಡಿ ಮಾನ್ಯತೆ ಪಡೆದಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನದಲ್ಲಿ (ರೂಸಾ) ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರ–ರಾಜ್ಯ ಪಾಲು 60:40 ಆಗಿತ್ತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಆಯೋಗ ಸಮುದಾಯ ಕಾಲೇಜು ಯೋಜನೆಯನ್ನೂ ತಂದಿತು. ಇರುವ ಕಾಲೇಜುಗಳಲ್ಲೇ, ಸುತ್ತಲಿನ ಉದ್ಯೋಗದಾತರ ಜೊತೆಗೂಡಿ ಕೌಶಲದ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳನ್ನು ನಡೆಸುವುದು ಅದರ ಆಶಯ. ಖರ್ಚಿನ ನಿಯಮಗಳು ಬಿಗಿ. 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು. ಖಾತೆಯಲ್ಲಿ ಕೂತ ಅನುದಾನದ ಬಡ್ಡಿಯನ್ನೂ ಹಿಂದಿರುಗಿಸಬೇಕು. ಬಂಡವಾಳ ಬಾಬತ್ತಿನ ಹಣವನ್ನು ಸಾಮಾನ್ಯ ಬಾಬತ್ತಿಗೆ ತಿರುಗಿಸುವಂತಿಲ್ಲ.

ಈ ಬಿಗಿಯಲ್ಲಿ ತಪ್ಪಿಲ್ಲ. ತಪ್ಪಿರುವುದು ಪ್ರಸ್ತಾವನೆ ಬರೆಯುವ ನಮ್ಮ ರೂಢಿಯಲ್ಲಿ. ಕೊಠಡಿ, ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಕೇಳುತ್ತೇವೆ. ಅವನ್ನು ನೋಡಿಕೊಳ್ಳುವ ಕೈ, ರಿಪೇರಿ, ವಿದ್ಯುತ್ ಬಿಲ್ಲು, ಹುಡುಗಿಯರ ಬಸ್ ಚಾರ್ಜು ಕೇಳಲು ಮರೆಯುತ್ತೇವೆ. ಬಂದಳಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ದೇಗುಲಗಳಿರುವ ಈ ನೆಲೆಯನ್ನು ಆಧರಿಸಿ ಶಿಕಾರಿಪುರ ಅಥವಾ ಸೊರಬದ ಕಾಲೇಜು ಶಾಸನ ಓದು, ಪರಂಪರೆ ಮಾರ್ಗದರ್ಶನದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ಪ್ರಸ್ತಾವನೆ ಸಲ್ಲಿಸಬಹುದು. ಸೊರಬ–ಸಾಗರದ ಗುಡಿಗಾರರ ಕೆತ್ತನೆಯನ್ನು ಅದರ ಜೊತೆ ಸೇರಿಸಬಹುದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವಾದ್ದರಿಂದ ಅಲ್ಲಿ ಕಟ್ಟಡದ ಮಾತೇ ಬೇಡ, ಅದು ಒಳ್ಳೆಯದೇ ಆಯಿತು. ಬೇಕಾದದ್ದು ಅಚ್ಚು ತೆಗೆಯುವ ಕಾಗದ, ಮಸಿ, ಶಾಸನ ಸಂಪುಟಗಳು, ಹಳಗನ್ನಡ ಬಲ್ಲ ಅತಿಥಿ ಉಪನ್ಯಾಸಕರ ಗೌರವಧನ, ಸ್ಮಾರಕಕ್ಕೆ ಹೋಗಿಬರುವ ವಾಹನದ ಬಾಡಿಗೆ, ಪಳಗಿದ ಗುಡಿಗಾರರಿಗೆ ದಿನಗೂಲಿಗೆ ಕಡಿಮೆಯಾಗದ ಸಂಭಾವನೆ.

ಅದಕ್ಕೂ ಮೊದಲು, ಒಂದು ಪೈಸೆ ಅನುದಾನವಿಲ್ಲದೆ ಒಂದು ವರ್ಷ ಶನಿವಾರಗಳಂದು ಈ ಪಾಠ ನಡೆಸಿ, ಹಾಜರಿ ಪುಸ್ತಕ, ತೆಗೆದ ಅಚ್ಚುಗಳು, ಊರಿನ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪತ್ರವನ್ನು ಪ್ರಸ್ತಾವನೆಗೆ ಲಗತ್ತಿಸಬೇಕು. ಬಾಬತ್ತಿನ ಪಟ್ಟಿಯಲ್ಲಿ ರಿಪೇರಿಗೆ ಪ್ರತ್ಯೇಕ ಸಾಲಿರಬೇಕು. ಕಡತಕ್ಕೆ ಇಬ್ಬರು ಹೊಣೆಗಾರರಿರಬೇಕು. ಒಬ್ಬರು ವರ್ಗವಾದರೆ ಇನ್ನೊಬ್ಬರು ಲೆಕ್ಕ ಒಪ್ಪಿಸುವಂತಿರಬೇಕು. ಶಿಕಾರಿಪುರ ಮತ್ತು ಸೊರಬದ ಕಾಲೇಜುಗಳ ಚರಿತ್ರೆ, ಕನ್ನಡ, ವಾಣಿಜ್ಯ ವಿಭಾಗಗಳು ಒಟ್ಟಿಗೆ ಕೂತು ಇಂಥ ಒಂದು ಪ್ರಸ್ತಾವನೆಯನ್ನು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲೇ ಸಿದ್ಧಪಡಿಸಬೇಕೆಂದು ಆ ವಿಭಾಗಗಳ ಅಧ್ಯಾಪಕರಲ್ಲಿ ನನ್ನ ವಿನಂತಿ.