ನದಿಯ ಮೀನು ಕೆರೆಗೆ ಬಂದ ಬಗೆ

ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ನೀವು ಮಾರುಕಟ್ಟೆಯಲ್ಲಿ ನೋಡಿರುತ್ತೀರಿ. ಇವು ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಹೆಣ್ಣಿನಲ್ಲಿ ಮೊಟ್ಟೆಗಳೂ ಬಲಿಯುತ್ತವೆ. ಆದರೆ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಅದಕ್ಕೆ ಮಳೆಗಾಲದ ನದಿಯೇ ಬೇಕು. ಹಿಂದೆ ಸಾಕಣೆಗೆ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಿತ್ತು. ಜೊತೆಗೆ ಬೇಡದ ಮೀನುಗಳ ಮರಿಗಳೂ ಬರುತ್ತಿದ್ದವು.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸಿದರು. ಆದರೂ ತೊಡಕು ಉಳಿಯಿತು. ಗ್ರಂಥಿಗಾಗಿ ಬಲಿತ ಮೀನನ್ನು ಕೊಲ್ಲಬೇಕು. ಗ್ರಂಥಿಯಿಂದ ಗ್ರಂಥಿಗೆ ಶಕ್ತಿ ಬೇರೆ. ಹೆಣ್ಣಿಗೆ ಎರಡು ಸಲ ಚುಚ್ಚಬೇಕು.

ಮೀನಿನ ಮೆದುಳಿನ ಡೋಪಮೈನ್ ಈ ಗ್ರಂಥಿಯನ್ನು ತಡೆಯುತ್ತದೆಂದು ಮುಂದೆ ತಿಳಿಯಿತು. ಹಾಗಾಗಿ ಓವಪ್ರಿಮ್ ಎಂಬ ಮದ್ದಿನಲ್ಲಿ ಎರಡು ಅಂಶಗಳಿವೆ: ಗ್ರಂಥಿಯನ್ನು ಪ್ರಚೋದಿಸುವ ಕೃತಕ ಹಾರ್ಮೋನು, ಡೋಪಮೈನಿನ ತಡೆಯನ್ನು ತೆಗೆಯುವ ಡೋಂಪೆರಿಡೋನ್. ಎರಡನೆಯದು ನಮಗೆ ವಾಂತಿ ನಿಲ್ಲಿಸಲು ಕೊಡುವ ಔಷಧವೇ! ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಎಂ.ಸಿ. ನಂದೀಶ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ, ಒಂದೇ ಚುಚ್ಚುಮದ್ದು ಸಾಕೆಂದು 1990ರಲ್ಲಿ ವರದಿ ಮಾಡಿದರು.

ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ನದಿಯಿಂದ ದೂರವಿರುವ ನಮ್ಮ ಬಿಸಿಲುನಾಡಿನ ಕೆರೆಗೂ ಬೇಕಾದ ಜಾತಿಯ ಮರಿಯನ್ನೇ ತಂದು ಬಿಡಲು ಸಾಧ್ಯವಾಗಿರುವುದು ಈ ಚುಚ್ಚುಮದ್ದಿನಿಂದ.