ವೇಣುಪುರ ದರ್ಶನ: ಶೆಟ್ಟರ ಬಸದಿಗಳ ಊರು ಮೂಡಬಿದಿರೆ

ಕರ್ನಾಟಕದ ಜೈನ ಧರ್ಮದ ಇತಿಹಾಸದಲ್ಲಿ ತುಳುನಾಡಿಗೆ ವಿಶಿಷ್ಟವಾದ ಸ್ಥಾನವಿದೆ. ಆ ತುಳುನಾಡಿನೊಳಗೆ ಮೂಡಬಿದಿರೆಗೆ ಇರುವ ಸ್ಥಾನವಂತೂ ಅದ್ವಿತೀಯವಾದುದು. ಮಂಗಳೂರಿನಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದರೆ ದೊರೆಯುವ ಈ ಪುಟ್ಟ ನಗರವನ್ನು ನಮ್ಮ ಹಿರಿಯರು ‘ಜೈನಕಾಶಿ’ಯೆಂದು ಕರೆದರು. ಇಲ್ಲಿ 18 ಬಸದಿಗಳಿವೆ. ಹದಿನೆಂಟು ಬಸದಿ, ಹದಿನೆಂಟು ದೇವಾಲಯ, ಹದಿನೆಂಟು ಕೆರೆಗಳ ಊರು ಎಂಬುದು ಸ್ಥಳೀಯರ ಹೆಮ್ಮೆಯ ಮಾತು. ಶಿಲ್ಪ, ದಾರುಶಿಲ್ಪ, ಲೋಹಶಿಲ್ಪ, ತಾಡಪತ್ರದ ಚಿತ್ರ, ಕಾವ್ಯ ಎಂಬ ಕಲೆಯ ಎಲ್ಲ ಮುಖಗಳೂ ಒಂದೇ ಊರಿನಲ್ಲಿ ಕಾಣಸಿಗುವುದು ನಾಡಿನ ನೈಋತ್ಯ ಭಾಗದಲ್ಲಿ ಅಪೂರ್ವವೇ ಸರಿ.

ಆದರೆ ಇಂದಿನ ಯಾತ್ರಿಕರು ಈ ಕ್ಷೇತ್ರವನ್ನು ನೋಡುವ ರೀತಿ ಹೇಗಿದೆ? ಧರ್ಮಸ್ಥಳದಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ವಾಹನ ನಿಲ್ಲಿಸಿ, ಸಾವಿರ ಕಂಬದ ಬಸದಿಗೆ ಒಂದು ಸುತ್ತು ಬಂದು, ಗಂಟೆಯೊಳಗೆ ಹೊರಡುವವರೇ ಬಹಳ. ಉಳಿದ 17 ಬಸದಿಗಳ ಹೆಸರನ್ನು ಕೇಳಿದವರೂ ವಿರಳ. ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಮೂಡಬಿದಿರೆಯನ್ನು ಹೇಗೆ ದರ್ಶಿಸಬೇಕು, ದರ್ಶಿಸಿ ಏನನ್ನು ಕಲಿಯಬೇಕು ಎಂಬುದನ್ನು ಧರ್ಮಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಗುರುಬಸದಿ: ಊರಿನ ಮೂಲ

‘ಮೂಡು’ ಎಂದರೆ ಪೂರ್ವ. ‘ಬಿದಿರೆ’ ಎಂಬುದು ಬಿದಿರಿನಿಂದ ಬಂದ ಹೆಸರು. ಸಂಸ್ಕೃತದಲ್ಲಿ ಈ ಊರಿಗೆ ವೇಣುಪುರ, ವಂಶಪುರ ಎಂಬ ಹೆಸರುಗಳಿವೆ. ಹಿಂದೆ ಇದು ದಟ್ಟವಾದ ಬಿದಿರ ಕಾಡಾಗಿತ್ತೆಂದೂ, ಶ್ರವಣಬೆಳಗೊಳದ ಕಡೆಯಿಂದ ಬಂದ ಮುನಿಯೊಬ್ಬರು ಇಲ್ಲಿ ಹುಲಿಯೂ ಹಸುವೂ ವೈರವನ್ನು ಮರೆತು ಒಂದೆಡೆ ಇರುವುದನ್ನು ಕಂಡು ಬೆರಗಾದರೆಂದೂ, ಆ ಸ್ಥಳದಲ್ಲಿ ಭಗವಾನ್ ಪಾರ್ಶ್ವನಾಥ ಸ್ವಾಮಿಯ ಬಿಂಬ ದೊರೆಯಿತೆಂದೂ ಐತಿಹ್ಯವಿದೆ. ಪ್ರತಿಷ್ಠೆಯ ಕಾಲವನ್ನು ಪರಂಪರೆಯು ಕ್ರಿ.ಶ. 714 ಎಂದು ಹೇಳುತ್ತದೆ. ಅದೇ ಗುರುಬಸದಿ. ಆದುದರಿಂದ ದರ್ಶನವನ್ನು ಇಲ್ಲಿಂದಲೇ ಆರಂಭಿಸುವುದು ಯುಕ್ತ. ಸುಮಾರು ಹನ್ನೆರಡು ಅಡಿ ಎತ್ತರದ ಪಾರ್ಶ್ವನಾಥ ಸ್ವಾಮಿಯ ಶಿಲಾಬಿಂಬದ ಮುಂದೆ ನಿಂತಾಗ ಮನಸ್ಸಿಗಾಗುವ ಶಾಂತಿಯನ್ನು ಬರೆದು ತಿಳಿಸಲಾಗದು.

ಈ ಬಸದಿಗೆ ‘ಸಿದ್ಧಾಂತ ಬಸದಿ’ ಎಂಬ ಇನ್ನೊಂದು ಹೆಸರೂ ಇದೆ. ಅದರ ಹಿಂದಿನ ಕಥೆಯನ್ನು ಪ್ರತಿಯೊಬ್ಬ ಶ್ರಾವಕನೂ ತಿಳಿದಿರಬೇಕು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮಗೆ ತಿಳಿದಿದ್ದ ಆಗಮಜ್ಞಾನವು ತಮ್ಮೊಂದಿಗೇ ಅಳಿದುಹೋದೀತೆಂಬ ಚಿಂತೆಯಿಂದ ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಬೋಧಿಸಿದರು. ಅವರು ರಚಿಸಿದ್ದೇ ಷಟ್ಖಂಡಾಗಮ. ಆ ಗ್ರಂಥ ಪೂರ್ಣಗೊಂಡ ನೆನಪಿಗಾಗಿಯೇ ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಇದಕ್ಕೆ ‘ಧವಲಾ’ ಎಂಬ ಮಹಾಟೀಕೆಯನ್ನು ಬರೆದರು. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿದ ‘ಜಯಧವಲಾ’ ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವು ‘ಮಹಾಧವಲ’ವೆಂದು ಪ್ರಸಿದ್ಧವಾಗಿದೆ. ಕಾಲಾಂತರದಲ್ಲಿ ಭರತಖಂಡದ ಬೇರೆಲ್ಲಿಯೂ ಸಿಗದಂತಾದ ಈ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಡಪತ್ರ ಪ್ರತಿಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿದುಕೊಂಡವು. ಹನ್ನೆರಡನೆಯ ಶತಮಾನಕ್ಕೆ ಸೇರಿದ ಆ ಓಲೆಗಳಲ್ಲಿ ಕೆಲವಕ್ಕೆ ವರ್ಣಚಿತ್ರಗಳೂ ಇವೆ. ದಿಗಂಬರ ಸಂಪ್ರದಾಯದ ಗ್ರಂಥಚಿತ್ರಗಳಲ್ಲಿ ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಇವು ಸೇರುತ್ತವೆ.

ಶತಮಾನಗಳ ಕಾಲ ಈ ಗ್ರಂಥಗಳು ಪೂಜೆಗೆ ಮಾತ್ರ ಇದ್ದವು, ಪಠನಕ್ಕಲ್ಲ. ದೂರದಿಂದ ಬಂದ ಯಾತ್ರಿಕರು ದೀಪದ ಬೆಳಕಿನಲ್ಲಿ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಗೃಹಸ್ಥರು ಸಿದ್ಧಾಂತ ಗ್ರಂಥಗಳನ್ನು ಓದಬಾರದೆಂಬ ನಂಬಿಕೆ ಒಂದು ಕಡೆ, ಹೊರಗೆ ಹೋದರೆ ಹಾಳಾದಾವೆಂಬ ಭಯ ಇನ್ನೊಂದು ಕಡೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು, ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಮುಂತಾದ ಶ್ರೇಷ್ಠಿಗಳು ಇಲ್ಲಿಗೆ ಬಂದು, ಓಲೆಗಳು ಶಿಥಿಲವಾಗುತ್ತಿರುವುದನ್ನು ಕಂಡು, ಪ್ರತಿ ಮಾಡಿಸಬೇಕೆಂದು ಮುಂದಾದರು. ಕನ್ನಡ ಮತ್ತು ನಾಗರಿ ಲಿಪಿಗಳಲ್ಲಿ ಪ್ರತಿ ಮಾಡುವ ಕೆಲಸವು 1922ರ ವೇಳೆಗೆ ಮುಗಿಯಬೇಕಾದರೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳು ಹಿಡಿದವು. ಕೊನೆಗೆ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲನೆಯ ಸಂಪುಟವು 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಒಟ್ಟು 16 ಸಂಪುಟಗಳು ಹೊರಬರಲು ಸುಮಾರು ಎರಡು ದಶಕಗಳು ಬೇಕಾದವು. ಮುದ್ರಣಕ್ಕೆ ನೆರವಾದದ್ದು ವಿದಿಶೆಯ ಶ್ರೇಷ್ಠಿಯೊಬ್ಬರ ದತ್ತಿ.

ಇಲ್ಲಿ ಯಾರನ್ನು ಹೊಗಳಬೇಕು? ಬೀಗ ಹಾಕಿ ಕಾದವರನ್ನೋ, ಬೀಗ ತೆಗೆಸಿದವರನ್ನೋ? ನನ್ನ ಅಲ್ಪಮತಿಗೆ ತೋಚುವಂತೆ ಇಬ್ಬರೂ ವಂದನೀಯರು. ಕಾದವರಿಲ್ಲದಿದ್ದರೆ ತೆಗೆಯಲು ಏನೂ ಉಳಿಯುತ್ತಿರಲಿಲ್ಲ. ತೆಗೆಸಿದವರಿಲ್ಲದಿದ್ದರೆ ಓಲೆಗಳು ಪೆಟ್ಟಿಗೆಯೊಳಗೇ ಪುಡಿಯಾಗಿ, ಧರಸೇನಾಚಾರ್ಯರ ಭಯ ನಿಜವಾಗುತ್ತಿತ್ತು. 2013ರ ಜುಲೈ ತಿಂಗಳಲ್ಲಿ ಇದೇ ಗುರುಬಸದಿಯಿಂದ ಅಮೂಲ್ಯವಾದ ಜಿನಬಿಂಬಗಳು ಕಳವಾದ ಸುದ್ದಿ ಕೇಳಿ ನಾಡಿನ ಜೈನರೆಲ್ಲ ತಲ್ಲಣಿಸಿದರು. ಬಿಂಬವನ್ನು ಕದಿಯಬಹುದು, ಹದಿನಾರು ಸಂಪುಟಗಳಾಗಿ ನಾಡಿನಾದ್ಯಂತ ಹರಡಿದ ಜ್ಞಾನವನ್ನು ಕದಿಯಲಾಗದು. ಭದ್ರತೆಯೂ ಬೇಕು, ಪ್ರಸಾರವೂ ಬೇಕು ಎಂಬುದೇ ಈ ಬಸದಿ ಕಲಿಸುವ ಪಾಠ.

ತ್ರಿಭುವನ ತಿಲಕ ಚೂಡಾಮಣಿ

ಸಾವಿರ ಕಂಬದ ಬಸದಿಯೆಂದು ಲೋಕಪ್ರಸಿದ್ಧವಾದ ತ್ರಿಭುವನ ತಿಲಕ ಚೂಡಾಮಣಿ ಚೈತ್ಯಾಲಯವು ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರಲ್ಲಿ, ದೇವರಾಯ ಒಡೆಯನ ಆಶ್ರಯದಲ್ಲಿ ನಿರ್ಮಾಣಗೊಂಡಿತು. ಗರ್ಭಗೃಹದಲ್ಲಿ ಸುಮಾರು ಎಂಟು ಅಡಿ ಎತ್ತರದ ಚಂದ್ರನಾಥ ಸ್ವಾಮಿಯ ಪಂಚಲೋಹದ ಬಿಂಬವಿದೆ. ಮುಂದಿನ ತಲೆಮಾರುಗಳವರು ಮಂಟಪಗಳನ್ನು ಸೇರಿಸುತ್ತ ಹೋದರು. ಎದುರಿನ ಏಕಶಿಲಾ ಮಾನಸ್ತಂಭವನ್ನು ನಿಲ್ಲಿಸಿದ ಕೀರ್ತಿ ಕಾರ್ಕಳದ ಭೈರರಸ ಮನೆತನದ ರಾಣಿ ನಾಗಲದೇವಿಗೆ ಸಲ್ಲುತ್ತದೆ.

ಇಲ್ಲಿ ಅವಸರ ಮಾಡಬಾರದು. ಕಂಬಗಳನ್ನು ಒಂದೊಂದಾಗಿ ನೋಡಬೇಕು. ಒಂದರಂತೆ ಇನ್ನೊಂದಿಲ್ಲವೆಂಬ ಮಾತು ಎಷ್ಟು ದಿಟವೆಂಬುದು ಆಗ ಮನವರಿಕೆಯಾಗುತ್ತದೆ. ಭೈರಾದೇವಿ ಮಂಟಪದ ಜಗಲಿಯ ಕೆತ್ತನೆಗಳಲ್ಲಿ ಜಿರಾಫೆಯನ್ನೂ, ಚೀನಾ ದೇಶದ ಡ್ರ್ಯಾಗನ್ನನ್ನೂ ಹೋಲುವ ಪ್ರಾಣಿಗಳಿವೆ. ತುಳುನಾಡಿನ ಕಾಡಿನಲ್ಲಿ ಇಲ್ಲದ ಈ ಪ್ರಾಣಿಗಳು ಶಿಲ್ಪಿಯ ಉಳಿಗೆ ಹೇಗೆ ಸಿಕ್ಕವು? ಕರಾವಳಿಯ ಬಂದರುಗಳಿಂದ ಅಕ್ಕಿ, ಕರಿಮೆಣಸುಗಳು ಕಡಲು ದಾಟಿ ಹೋಗುತ್ತಿದ್ದ ಕಾಲವದು. ಸರಕಿನೊಂದಿಗೆ ಕಥೆಗಳೂ ಚಿತ್ರಗಳೂ ಬಂದಿರಬೇಕೆಂದು ಊಹಿಸುವವರಿದ್ದಾರೆ. ತಲೆಯೆತ್ತಿ ಮಾಡನ್ನೂ ನೋಡಬೇಕು. ಮೂರು ಅಂತಸ್ತುಗಳ ಇಳಿಜಾರು ಮಾಡು ಕರಾವಳಿಯ ಜಡಿಮಳೆಗೆ ತಕ್ಕುದಾಗಿದೆ. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ನನು ಇದನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದನು. ಮರದ ಕೆಲಸದ ಜಾಣ್ಮೆಯನ್ನು ಕಲ್ಲಿಗೆ ಇಳಿಸಿದ ಆಚಾರಿಗಳ ಹೆಸರುಗಳು ಮಾತ್ರ ನಮಗೆ ಉಳಿದಿಲ್ಲ.

ಶೆಟ್ಟರ ಹೆಸರಿನ ಬಸದಿಗಳು

ಹೆಚ್ಚಿನ ಯಾತ್ರಿಕರು ಹಿಂದಿರುಗುವುದು ಇಲ್ಲಿಂದಲೇ. ಆದರೆ ಮೂಡಬಿದಿರೆಯ ನಿಜವಾದ ಇತಿಹಾಸ ಆರಂಭವಾಗುವುದೂ ಇಲ್ಲಿಂದಲೇ. ಉಳಿದ ಬಸದಿಗಳ ಹೆಸರುಗಳನ್ನು ಗಮನಿಸಿರಿ: ವಿಕ್ರಮಶೆಟ್ಟಿ ಬಸದಿ, ಕೋಟಿಶೆಟ್ಟಿ ಬಸದಿ, ದೇರಮಶೆಟ್ಟಿ ಬಸದಿ, ಮಹಾದೇವಶೆಟ್ಟಿ ಬಸದಿ, ಚೋಳಶೆಟ್ಟಿ ಬಸದಿ. ಇವು ರಾಜರ ಹೆಸರುಗಳಲ್ಲ, ವರ್ತಕರ ಹೆಸರುಗಳು. ಈ ನಾಡಿನ ಶಾಸನಗಳಲ್ಲಿ ಬರುವ ‘ಸೆಟ್ಟಿಕಾರರು’, ‘ಹಲರು’ ಎಂಬ ಪದಗಳು ಊರಿನ ವ್ಯವಹಾರವನ್ನೂ ಧರ್ಮಕಾರ್ಯವನ್ನೂ ಕೂಡಿ ನಡೆಸುತ್ತಿದ್ದ ವರ್ತಕ ಸಂಘಗಳನ್ನು ಸೂಚಿಸುತ್ತವೆ. ವ್ಯಾಪಾರ ವೃತ್ತಿಯವನಾದ ನನಗೆ ಈ ಹೆಸರುಗಳು ಬಹಳ ವಿಚಾರವನ್ನು ಹೇಳುತ್ತವೆ. ಈ ಶೆಟ್ಟರ ಅಂಗಡಿಗಳು ಎಲ್ಲಿದ್ದವು, ಎಷ್ಟು ಹೊನ್ನು ಗಳಿಸಿದ್ದರು ಎಂಬುದನ್ನು ಇಂದು ಯಾರೂ ಕೇಳುವುದಿಲ್ಲ. ಗಳಿಸಿದ್ದೆಲ್ಲ ಕಾಲದ ಪಾಲಾಯಿತು. ಕೊಟ್ಟದ್ದು ಮಾತ್ರ ಅವರ ಹೆಸರಿನಲ್ಲಿ ಉಳಿಯಿತು.

ಇವುಗಳೊಂದಿಗೆ ಹಿರೇಬಸದಿ, ಬೆಟ್ಕೇರಿ ಬಸದಿ, ಬಡಗಬಸದಿ, ಪಡುಬಸದಿ, ಕೆರೆಬಸದಿ, ಕಲ್ಲುಬಸದಿ, ಲೆಪ್ಪದ ಬಸದಿ ಮೊದಲಾದವುಗಳಿವೆ. ಹಿರೇಬಸದಿಗೆ ಅಮ್ಮನವರ ಬಸದಿಯೆಂಬ ಹೆಸರೂ ಇದೆ. ಲೆಪ್ಪದ ಬಸದಿಯ ಚಂದ್ರನಾಥ ಸ್ವಾಮಿಯ ಬಿಂಬವು ಶಿಲೆಯದಲ್ಲ, ಲೋಹದ್ದೂ ಅಲ್ಲ. ಲೇಪದಿಂದ, ಅಂದರೆ ಹದಗೊಳಿಸಿದ ಮಣ್ಣಿನಿಂದ ಮಾಡಿದ್ದು. ಮಣ್ಣಿನ ಬಿಂಬವು ಇಷ್ಟು ಮಳೆಗಾಲಗಳನ್ನು ದಾಟಿ ಬಂದಿರಬೇಕಾದರೆ ಎಷ್ಟು ಕೈಗಳು ಅದನ್ನು ಎಚ್ಚರದಿಂದ ಕಾಯ್ದಿರಬೇಕು! ಈ ಕಿರಿಯ ಬಸದಿಗಳಲ್ಲಿ ಅನೇಕವು ಒಂದಕ್ಕೊಂದು ನಡೆದುಹೋಗುವಷ್ಟು ಹತ್ತಿರದಲ್ಲಿವೆ. ಬಾಗಿಲು ಮುಚ್ಚಿದ್ದರೆ ನಿರಾಶರಾಗಿ ಹಿಂದಿರುಗಬೇಡಿ. ಪೂಜೆ ಮಾಡುವ ಇಂದ್ರರನ್ನು ವಿನಯದಿಂದ ವಿಚಾರಿಸಿರಿ. ಕಾಣಿಕೆ ಹಾಕುವಾಗಲೂ ದೊಡ್ಡ ಬಸದಿಯ ಹುಂಡಿಯೊಂದನ್ನೇ ನೆನೆಯದೆ, ದೀಪದೆಣ್ಣೆಗೆ ಕಷ್ಟವಿರುವ ಬಸದಿಯನ್ನೂ ನೆನೆಯಿರಿ.

ಚೌಟರ ಅರಮನೆ ಮತ್ತು ಕೊಡಂಗಲ್ಲಿನ ಸಮಾಧಿಗಳು

ಮೂಡಬಿದಿರೆಯನ್ನು ಆಳಿದ ಚೌಟರು ಜೈನ ಅರಸರು. ಪೋರ್ಚುಗೀಸರನ್ನು ಎದುರಿಸಿ ಕಾದಾಡಿದ ಉಳ್ಳಾಲದ ರಾಣಿ ಅಬ್ಬಕ್ಕದೇವಿ ಇದೇ ವಂಶದವಳು. ಅವರ ಅರಮನೆಯಲ್ಲಿ ಉಳಿದಿರುವ ಮರದ ಕಂಬಗಳು ಹದಿನೇಳನೆಯ ಶತಮಾನದ ದಾರುಶಿಲ್ಪಕ್ಕೆ ಕನ್ನಡಿ ಹಿಡಿಯುತ್ತವೆ. ಒಂಬತ್ತು ಸ್ತ್ರೀಯರ ದೇಹಗಳನ್ನು ಹೆಣೆದು ಆನೆಯ ರೂಪ ಕೊಟ್ಟ ‘ನವನಾರಿ ಕುಂಜರ’, ಐವರು ಸ್ತ್ರೀಯರಿಂದ ಕುದುರೆಯ ರೂಪ ಮೂಡಿಸಿದ ‘ಪಂಚನಾರಿ ತುರಗ’ ಇವೆರಡನ್ನೂ ನೋಡದೆ ಬರಬಾರದು.

ಊರಿನ ಅಂಚಿನ ಕೊಡಂಗಲ್ಲಿನಲ್ಲಿ ಮುರಕಲ್ಲಿನಿಂದ ಕಟ್ಟಿದ ಸಮಾಧಿಗಳ ಸಾಲೊಂದಿದೆ. ಅಂತಸ್ತುಗಳಾಗಿ ಮೇಲೇರುವ ಇವು ಜೈನ ಯತಿಗಳ ನಿಷಿಧಿಗಳೆಂದು ಪ್ರತೀತಿ. ಅಬ್ಬುಶೆಟ್ಟಿ, ಆದುಶೆಟ್ಟಿ ಎಂಬ ಇಬ್ಬರು ವರ್ತಕರ ಸಮಾಧಿಗಳನ್ನೂ ಇಲ್ಲಿ ಹೇಳುತ್ತಾರೆ. ಹೆಚ್ಚಿನ ಸಮಾಧಿಗಳ ಮೇಲೆ ಶಾಸನವಿಲ್ಲ, ಹೆಸರಿಲ್ಲ. ಅಲ್ಲಿ ಸ್ವಲ್ಪ ಹೊತ್ತು ಮೌನವಾಗಿ ಕುಳಿತರೆ ಅನಿತ್ಯಾನುಪ್ರೇಕ್ಷೆಯ ಅರ್ಥ ಪುಸ್ತಕವಿಲ್ಲದೆಯೇ ತಿಳಿಯುತ್ತದೆ.

ಸಾಹಿತ್ಯದ ನೆಲೆ

ಹದಿನಾರನೆಯ ಶತಮಾನದ ಮಹಾಕವಿ ರತ್ನಾಕರವರ್ಣಿ ಮೂಡಬಿದಿರೆಯವನು. ಸಾಂಗತ್ಯದಲ್ಲಿ ಅವನು ರಚಿಸಿದ ‘ಭರತೇಶ ವೈಭವ’ವು ಎಂಬತ್ತು ಸಂಧಿಗಳ, ಸುಮಾರು ಹತ್ತು ಸಾವಿರ ಪದ್ಯಗಳ ಬೃಹತ್ಕಾವ್ಯ. ನಮ್ಮ ಕಾಲಕ್ಕೆ ಬಂದರೆ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಇಲ್ಲಿನ ಮತ್ತು ಸುತ್ತಲಿನ ಭಂಡಾರಗಳ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು. ಅದನ್ನು ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿತು. ಜೈನ ಮಠದ ಆಶ್ರಯದ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ ತಾಡಪತ್ರಗಳ ಸಂಗ್ರಹವಿದೆ. 2003ರಲ್ಲಿ 71ನೆಯ ಕನ್ನಡ ಸಾಹಿತ್ಯ ಸಮ್ಮೇಳನವು ವಿದುಷಿ ಡಾ. ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ ಇಲ್ಲಿಯೇ ನೆರವೇರಿತು. ಆಳ್ವಾಸ್ ವಿದ್ಯಾಸಂಸ್ಥೆಗಳ ‘ವಿರಾಸತ್’ ಉತ್ಸವವು ಸಂಗೀತ, ನೃತ್ಯಗಳಿಗೆ ಹೊಸ ತಲೆಮಾರಿನವರನ್ನು ಈ ಊರಿಗೆ ಕರೆತಂದಿದೆ.

ಯಾತ್ರಿಕರಿಗೆ ಕೆಲವು ಸೂಚನೆಗಳು

ಮೂಡಬಿದಿರೆಗೆ ಕನಿಷ್ಠ ಒಂದು ಪೂರ್ಣ ದಿನ ಮೀಸಲಿಡಬೇಕು. ಬೆಳಗಿನ ಅಭಿಷೇಕದ ವೇಳೆಗೆ ಗುರುಬಸದಿ, ಅನಂತರ ಮಠದಲ್ಲಿ ಪೂಜ್ಯ ಭಟ್ಟಾರಕ ಸ್ವಾಮೀಜಿಯವರ ದರ್ಶನ, ಬಳಿಕ ಸಾವಿರ ಕಂಬದ ಬಸದಿ, ಮಧ್ಯಾಹ್ನ ಶೆಟ್ಟರ ಬಸದಿಗಳು ಮತ್ತು ಅರಮನೆ, ಸಂಜೆಗೆ ಕೊಡಂಗಲ್ಲು. ಹೀಗೆ ಕ್ರಮವಿಟ್ಟುಕೊಂಡರೆ ಆಯಾಸವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಲವಾಗಿರುವುದರಿಂದ ವಯೋವೃದ್ಧರು ಚಳಿಗಾಲದಲ್ಲಿ ಬರುವುದು ಲೇಸು. ಮಕ್ಕಳನ್ನು ತಪ್ಪದೆ ಕರೆತನ್ನಿರಿ. ಕಂಬದ ಮುಂದೆ ಭಾವಚಿತ್ರ ತೆಗೆಸಿದರಷ್ಟೇ ಸಾಲದು, ಯಾವ ತೀರ್ಥಂಕರರು, ಯಾವ ಲಾಂಛನ ಎಂಬುದನ್ನು ಹೇಳಿಕೊಡಿರಿ. ಮರುದಿನ ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ 42 ಅಡಿ ಎತ್ತರದ ಬಾಹುಬಲಿಯನ್ನೂ, ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಬಾಹುಬಲಿಯನ್ನೂ ದರ್ಶಿಸಬಹುದು.

ಉಪಸಂಹಾರ

ಇಂದು ನಮ್ಮ ಜಿನಮಂದಿರದಲ್ಲಿ ಪಂಚಕಲ್ಯಾಣ ಮಹೋತ್ಸವ ವಿಜೃಂಭಣೆಯಿಂದ ನಡೆಯುತ್ತಿದೆ. ಸವಾಲುಗಳಲ್ಲಿ ಉದಾರವಾಗಿ ಕೂಗಿದವರಿದ್ದಾರೆ. ಅವರ ಪುಣ್ಯ ದೊಡ್ಡದು. ಆದರೆ ಪ್ರತಿಷ್ಠೆ ಕೆಲವು ದಿನಗಳ ಕಾರ್ಯ, ನಿತ್ಯಪೂಜೆ ಶತಮಾನಗಳ ಕಾರ್ಯ. ಕೋಟಿಶೆಟ್ಟಿಯ ಬಸದಿ ಇಂದಿಗೂ ನಿಂತಿರುವುದು ಆತನ ಹೊನ್ನಿನಿಂದ ಮಾತ್ರವಲ್ಲ. ಅನಂತರ ಪ್ರತಿದಿನ ಬಾಗಿಲು ತೆರೆದವರಿಂದ, ಸೋರುವ ಮಾಡನ್ನು ಸರಿಪಡಿಸಿದವರಿಂದ, ದೀಪಕ್ಕೆ ಎಣ್ಣೆ ಹೊಯ್ದವರಿಂದ. ಅವರಲ್ಲಿ ಒಬ್ಬರ ಹೆಸರೂ ಕಲ್ಲಿನ ಮೇಲಿಲ್ಲ. ನಮ್ಮ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಮುಂಬಯಿ, ಪರದೇಶಗಳಿಗೆ ಹೋಗುತ್ತಿರುವ ಈ ದಿನಗಳಲ್ಲಿ, ಇಪ್ಪತ್ತು ವರ್ಷಗಳ ಬಳಿಕ ಈ ಬಸದಿಯ ಬಾಗಿಲನ್ನು ಬೆಳಿಗ್ಗೆ ತೆರೆಯುವವರು ಯಾರು ಎಂಬ ಪ್ರಶ್ನೆಯನ್ನು ನಾವು ಇಂದೇ ಕೇಳಿಕೊಳ್ಳಬೇಕಾಗಿದೆ. ಶಿಲಾಫಲಕದಲ್ಲಿ ಹೆಸರು ಕೆತ್ತಿಸಿದವರೂ, ಕೆತ್ತಿಸದವರೂ ವರ್ಷಕ್ಕೆ ಒಂದು ದಿನದ ಪೂಜೆಯ ಹೊಣೆಯನ್ನಾದರೂ ತಮ್ಮ ಮನೆತನಕ್ಕೆ ವಹಿಸಿಕೊಂಡರೆ ಈ ಮಹೋತ್ಸವ ಸಾರ್ಥಕವಾಗುತ್ತದೆ. ಶ್ರೀ ಪಾರ್ಶ್ವನಾಥ ಸ್ವಾಮಿಯು ಸರ್ವರಿಗೂ ಆ ಸದ್ಬುದ್ಧಿಯನ್ನು ಕರುಣಿಸಲಿ.