ಆರನೆಯವನು, ಏಳನೆಯವನು

2009ರ ಜೂನ್ 25ರ ರಾತ್ರಿ ನ್ಯೂಯಾರ್ಕಿನಲ್ಲಿ ಎನ್‌ಬಿಎ ಡ್ರಾಫ್ಟ್ ನಡೆಯಿತು. ಡ್ರಾಫ್ಟ್ ಅಂದ್ರೆ ನಮ್ಮ ಐಪಿಎಲ್ ಹರಾಜಿನಂತಲ್ಲ, ಇಲ್ಲಿ ಯಾರೂ ರೇಟು ಕೂಗುವುದಿಲ್ಲ. ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ, ಅಷ್ಟೇ. ಆ ರಾತ್ರಿ ಮಿನೆಸೋಟ ಟಿಂಬರ್‌ವುಲ್ವ್ಸ್ ಕೈಯಲ್ಲಿ 5 ಮತ್ತು 6, ಎರಡೂ ಸರದಿ ಇದ್ದವು. ಐದರಲ್ಲಿ ಸ್ಪೇನಿನ ರಿಕಿ ರುಬಿಯೊನನ್ನು ಆರಿಸಿದರು. ಆರರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಗಾರ್ಡ್ ಜಾನಿ ಫ್ಲಿನ್. ಏಳನೇ ಸರದಿಯ ಗೋಲ್ಡನ್ ಸ್ಟೇಟ್ ವಾರಿಯರ್ಸ್, ಡೇವಿಡ್ಸನ್ ಎಂಬ ಚಿಕ್ಕ ಕಾಲೇಜಿನ ಸ್ಟೆಫನ್ ಕರ್ರಿಯನ್ನು ಕರೆದುಕೊಂಡಿತು.

ಮುಂದಿನದು ನಿಮಗೆ ಗೊತ್ತೇ ಇದೆ. ಕರ್ರಿ ನಾಲ್ಕು ಸಲ ಚಾಂಪಿಯನ್, ಎರಡು ಸಲ ಲೀಗಿನ ಅತ್ಯುತ್ತಮ ಆಟಗಾರ. ಫ್ಲಿನ್ ಎನ್‌ಬಿಎಯಲ್ಲಿ ಆಡಿದ್ದು ಒಟ್ಟು 163 ಪಂದ್ಯ. ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ಮಿನೆಸೋಟದ ಮುಖ್ಯಸ್ಥರಾಗಿದ್ದ ಡೇವಿಡ್ ಕಾನ್ ಅವರನ್ನು ಆಡಿಕೊಳ್ಳುವುದು ಬಾಸ್ಕೆಟ್‌ಬಾಲ್ ಅಭಿಮಾನಿಗಳ ಹಳೇ ಚಟ. ನನಗೆ ಆ ನಗು ಒಗ್ಗುವುದಿಲ್ಲ. ಯಾಕಂದ್ರೆ 2009ರ ಕಣ್ಣಿಂದ ನೋಡಿದರೆ ಫ್ಲಿನ್ ಆಯ್ಕೆ ಹುಚ್ಚುತನ ಆಗಿರಲಿಲ್ಲ.

ಮೊದಲು ಫ್ಲಿನ್ ಕಥೆ ನೋಡಿ. ಅದೇ ವರ್ಷದ ಮಾರ್ಚ್ 12, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬಿಗ್ ಈಸ್ಟ್ ಟೂರ್ನಿಯಲ್ಲಿ ಸಿರಾಕ್ಯೂಸ್‌ಗೆ ಎದುರಾಳಿ ಕನೆಕ್ಟಿಕಟ್. 40 ನಿಮಿಷಕ್ಕೆ ಮುಗಿಯಬೇಕಾದ ಪಂದ್ಯ ಆರು ಓವರ್‌ಟೈಮ್ ಕಂಡು 70 ನಿಮಿಷಕ್ಕೆ ಹೋಯಿತು. ನಡುರಾತ್ರಿ ದಾಟಿದ ಮೇಲೆ ಸಿರಾಕ್ಯೂಸ್ 127-117ರಿಂದ ಗೆದ್ದಿತು. 6 ಅಡಿಯ ಈ ಹುಡುಗ 67 ನಿಮಿಷ ಅಂಗಳದಲ್ಲಿದ್ದ. 34 ಪಾಯಿಂಟ್, 11 ಅಸಿಸ್ಟ್. ತೆಗೆದುಕೊಂಡ 16 ಫ್ರೀ ಥ್ರೋಗಳಲ್ಲಿ ಒಂದೂ ತಪ್ಪಲಿಲ್ಲ. ಕಾಲು ಸೋತಾಗ ಮೊದಲು ಕೈಕೊಡುವುದೇ ಫ್ರೀ ಥ್ರೋ ಅನ್ನೋದನ್ನ ಆಡಿದವರು ಬಲ್ಲರು. ಮರುದಿನ ಇದೇ ತಂಡ ವೆಸ್ಟ್ ವರ್ಜೀನಿಯಾವನ್ನೂ ಓವರ್‌ಟೈಮಿನಲ್ಲೇ ಸೋಲಿಸಿತು. ದೇಶದ ಅತ್ಯಂತ ಕಠಿಣ ಕಾಲೇಜು ಲೀಗಿನಲ್ಲಿ ತಂಡವನ್ನು ಹೆಗಲ ಮೇಲೆ ಹೊತ್ತ ಪಾಯಿಂಟ್ ಗಾರ್ಡ್ ಇವನು. ತಂಡ ಕಟ್ಟುವವರಿಗೆ ಇನ್ನೇನು ಬೇಕು?

ಈಗ ಕರ್ರಿ. ಅಪ್ಪ ಡೆಲ್ ಕರ್ರಿ ಎನ್‌ಬಿಎ ಆಟಗಾರ. ಆದರೂ ಅಪ್ಪ ಓದಿದ ವರ್ಜೀನಿಯಾ ಟೆಕ್ ಮಗನಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ಹುಡುಗ ತೀರಾ ಸಪೂರ. ಡೇವಿಡ್ಸನ್ ಸೇರಿ, 2008ರ ರಾಷ್ಟ್ರೀಯ ಟೂರ್ನಿಯಲ್ಲಿ ಗೊನ್ಜಾಗ ವಿರುದ್ಧ 40, ಜಾರ್ಜ್‌ಟೌನ್ ವಿರುದ್ಧ 30, ವಿಸ್ಕಾನ್ಸಿನ್ ವಿರುದ್ಧ 33 ಪಾಯಿಂಟ್ ಹೊಡೆದ. ಆ ಒಂದೇ ಋತುವಿನಲ್ಲಿ 162 ತ್ರೀ ಪಾಯಿಂಟರ್, ಅದು ಕಾಲೇಜು ದಾಖಲೆ. ಮುಂದಿನ ವರ್ಷ ಪಂದ್ಯಕ್ಕೆ ಸರಾಸರಿ 28.6 ಪಾಯಿಂಟ್, ಇಡೀ ದೇಶಕ್ಕೇ ಮೊದಲು.

ಆದರೂ ಅನುಮಾನ ಹೋಗಲಿಲ್ಲ. 6 ಅಡಿ 3 ಇಂಚು, ಶೂಟಿಂಗ್ ಗಾರ್ಡ್ ಆಗಲು ಗಿಡ್ಡ. ಕಾಲೇಜಿನಲ್ಲಿ ಪೂರ್ತಿಯಾಗಿ ಪಾಯಿಂಟ್ ಗಾರ್ಡ್ ಆಡಿದ್ದು ಕೊನೆಯ ವರ್ಷ ಮಾತ್ರ. ಎದುರಾಳಿಗಳೂ ದೊಡ್ಡ ಲೀಗಿನವರಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಅವನು ಸೊನ್ನೆ ಸುತ್ತಿದ ಪಂದ್ಯ. 2008ರ ನವೆಂಬರಿನಲ್ಲಿ ಮೇರಿಲ್ಯಾಂಡಿನ ಲೊಯೋಲಾ ತಂಡದ ಕೋಚ್, ಚೆಂಡು ಎಲ್ಲೇ ಇರಲಿ, ಕರ್ರಿಯ ಬೆನ್ನಿಗೆ ಇಬ್ಬರನ್ನು ಅಂಟಿಸಿದರು. ಕರ್ರಿ ಜಗಳಕ್ಕೆ ಹೋಗಲಿಲ್ಲ, ಸುಮ್ಮನೆ ಮೂಲೆಯಲ್ಲಿ ನಿಂತ. ಇಬ್ಬರು ಅವನನ್ನೇ ಕಾಯುತ್ತಿದ್ದರೆ ಉಳಿದ ಅಂಗಳದಲ್ಲಿ ನಾಲ್ವರ ಎದುರು ಮೂವರು ತಾನೇ? ಅವನ ಪಾಯಿಂಟ್ ಸೊನ್ನೆ, ಡೇವಿಡ್ಸನ್ ಗೆದ್ದಿದ್ದು 78-48ರಿಂದ. ಆಗ ಇದನ್ನು ಒಂದು ತಮಾಷೆ ಸುದ್ದಿ ಅಂತ ಓದಿದರು. ದೂರದಿಂದ ಹೊಡೆಯಬಲ್ಲ ಒಬ್ಬನ ಭಯವೇ ಉಳಿದ ನಾಲ್ವರಿಗೆ ಜಾಗ ಮಾಡಿಕೊಡುತ್ತದೆ ಅನ್ನೋದು ಅಲ್ಲೇ ಬರೆದಿಟ್ಟಂತಿತ್ತು. ಇವತ್ತು ಎನ್‌ಬಿಎ ನಡೆಯುತ್ತಿರುವುದೇ ಈ ಲೆಕ್ಕದ ಮೇಲೆ. 2008-09ರಲ್ಲಿ ಒಂದು ತಂಡ ಪಂದ್ಯಕ್ಕೆ ಸುಮಾರು 18 ತ್ರೀ ಪಾಯಿಂಟರ್ ಪ್ರಯತ್ನಿಸುತ್ತಿತ್ತು. ಹತ್ತು ವರ್ಷದಲ್ಲಿ ಅದು 32ಕ್ಕೆ ಏರಿತು.

ಅಂದರೆ, ಅಂದಿನ ಪ್ರಶ್ನೆ "ಪಾಯಿಂಟ್ ಗಾರ್ಡ್ ಯಾರು?" ಅಂತಿತ್ತು. ಆ ಪ್ರಶ್ನೆಗೆ ಫ್ಲಿನ್ ಒಳ್ಳೆಯ ಉತ್ತರವೇ. ಹಳತಾಗಿದ್ದು ಪ್ರಶ್ನೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಇದು ಬರೀ ದೂರದೃಷ್ಟಿಯ ಪಾಠ ಆಗುತ್ತಿತ್ತು. ಆದರೆ ಮೊದಲ ವರ್ಷ ಫ್ಲಿನ್ 81 ಪಂದ್ಯ ಆಡಿ ಸರಾಸರಿ 13.5 ಪಾಯಿಂಟ್ ಗಳಿಸಿದ. ಕೋಚ್ ಕರ್ಟ್ ರ್‍ಯಾಂಬಿಸ್ ತಂದಿದ್ದು ಟ್ರಯಾಂಗಲ್ ಪದ್ಧತಿ. ಅದರಲ್ಲಿ ಚೆಂಡು ಪಾಯಿಂಟ್ ಗಾರ್ಡ್ ಕೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚೆಂಡು ಕೈಯಲ್ಲಿದ್ದರೇ ಬೆಳಗುವವನಿಗೆ ಅದು ಕಟ್ಟಿಹಾಕಿದ ಹಾಗೆ. ಅದೂ ಹೋಗಲಿ, 2010ರ ಬೇಸಿಗೆಯಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ. ಆ ಮೇಲೆ ಹಳೆಯ ವೇಗ ಮರಳಲಿಲ್ಲ. ಹ್ಯೂಸ್ಟನ್, ಪೋರ್ಟ್‌ಲ್ಯಾಂಡ್ ಸುತ್ತಿ 2012ಕ್ಕೆ ಎನ್‌ಬಿಎ ಬಾಗಿಲು ಮುಚ್ಚಿತು. ಆಮೇಲೆ ಆಸ್ಟ್ರೇಲಿಯಾದ ಲೀಗಿನಲ್ಲಿ ಆಡಿದ.

ಕರ್ರಿಗೂ ಗಾಯ ತಪ್ಪಲಿಲ್ಲ. ಪಾದದ ಕೀಲಿಗೆ 2011ರಲ್ಲೊಮ್ಮೆ, 2012ರಲ್ಲೊಮ್ಮೆ ಶಸ್ತ್ರಚಿಕಿತ್ಸೆ. 2011-12ರಲ್ಲಿ ಆಡಿದ್ದು 26 ಪಂದ್ಯ. 2012ರ ಅಕ್ಟೋಬರಿನಲ್ಲಿ ಅವನು ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್ ಕರಾರಿಗೆ ಸಹಿ ಹಾಕಿದ. ಆ ಪಾದ ಎಷ್ಟು ದಿನ ತಾಳೀತು ಅನ್ನೋ ಅಳುಕಿಲ್ಲದಿದ್ದರೆ ಅವನ ಬೆಲೆ ಇನ್ನೂ ಜಾಸ್ತಿ ಇರುತ್ತಿತ್ತು. ಅವನ ಪಾದ ವಾಸಿಯಾಯಿತು, ಇವನ ಸೊಂಟ ಆಗಲಿಲ್ಲ. ಇದನ್ನು ಯಾವ ಸ್ಕೌಟ್ ತಾನೇ ಮುಂಚೆ ಬರೆದುಕೊಳ್ಳಬಹುದಿತ್ತು?

2021ರ ಡಿಸೆಂಬರ್ 14ರಂದು ಕರ್ರಿ ರೇ ಆ್ಯಲನ್ ಅವರ 2,973 ತ್ರೀ ಪಾಯಿಂಟರ್‌ಗಳ ದಾಖಲೆ ಮುರಿದ. ಜಾಗ, ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಫ್ಲಿನ್ 67 ನಿಮಿಷ ಓಡಿದ್ದು ಅಲ್ಲಿಯೇ.

ನಮ್ಮಲ್ಲಿ ಬಹಳ ಮಂದಿ ಈಗ ಇಂಟರ್‌ವ್ಯೂ ಮೇಜಿನ ಆಚೆ ಬದಿಗೂ ಕೂರುತ್ತೇವೆ. ಎರಡು ರೆಸ್ಯೂಮೆ ಪಕ್ಕಪಕ್ಕ ಇಟ್ಟುಕೊಂಡು, ಇರುವ ಕೆಲಸಕ್ಕೆ ಯಾರು ಸರಿ ಅಂತ ಕೇಳುತ್ತೇವೆ. ಕೇಳಲೇಬೇಕು. ಜೊತೆಗೆ ಆ ಕೆಲಸವೇ ಐದು ವರ್ಷದಲ್ಲಿ ಬದಲಾದರೆ ಯಾರು ಅಂತಲೂ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಇಷ್ಟಾಗಿಯೂ ಲೆಕ್ಕ ತಪ್ಪಬಹುದು. ಆಗ ಆಯ್ಕೆಯಾದವನ ಹೆಸರನ್ನು ಗೇಲಿಯ ಮಾತು ಮಾಡಬಾರದು. ಆರನೆಯವನಾಗಿ ತನ್ನನ್ನು ಆರಿಸಿ ಅಂತ ಫ್ಲಿನ್ ಯಾರ ಬಳಿಯೂ ಕೇಳಿರಲಿಲ್ಲ. ಕರೆದರು, ಹೋದ, ಮೈಯಲ್ಲಿ ಕಸುವು ಇರುವಷ್ಟು ದಿನ ಆಡಿದ.